ಬರೆದವರು ಚೀನಾದವರು, ಓದಿದವರು ಜಪಾನಿನವರು

ಹತ್ತೊಂಬತ್ತನೇ ಶತಮಾನದ ಪೂರ್ವ ಏಷ್ಯಾದ ಕಥೆಯನ್ನು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. ಬಿಳಿಯರ ಹಡಗುಗಳು ಬಂದವು, ಜಪಾನ್ ಬುದ್ಧಿವಂತಿಕೆಯಿಂದ ಬದಲಾಯಿತು, ಚೀನಾ ಜಂಭದಲ್ಲಿ ಕೂತು ಹಾಳಾಯಿತು, ಕೊರಿಯಾ ಬಾಗಿಲು ಹಾಕಿಕೊಂಡು ನಿದ್ದೆ ಹೊಡೆಯಿತು. ಪರೀಕ್ಷೆಯಲ್ಲಿ ಬರೆಯೋಕೆ ಇದು ಚೆನ್ನಾಗಿದೆ. ಆದರೆ ಮೂರೂ ದೇಶಗಳ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಕಥೆ ನಿಲ್ಲೋದಿಲ್ಲ. ಪಶ್ಚಿಮದವರ ಫಿರಂಗಿ ಮೊದಲು ಸಿಡಿದದ್ದು ಚೀನಾದ ಮೇಲೆ. ಅದರಿಂದ ಏನು ಕಲಿಯಬೇಕು ಅಂತ ಮೊದಲು ಕೂತು ಬರೆದವರೂ ಚೀನಾದವರೇ. ಅದನ್ನು ಓದಿ ಕೆಲಸಕ್ಕೆ ಹಚ್ಚಿದವರು ಮಾತ್ರ ಸಮುದ್ರದ ಆಚೆ ಇದ್ದರು. ಏಟು ತಿಂದವರು ಒಬ್ಬರು, ಪಾಠ ಕಲಿತವರು ಇನ್ನೊಬ್ಬರು, ಆ ಪಾಠದ ಮೊದಲ ಪ್ರಯೋಗಕ್ಕೆ ಸಿಕ್ಕಿಹಾಕಿಕೊಂಡವರು ಮೂರನೆಯವರು. ಹಾಗೆ ನೋಡಿದಾಗಲೇ ನನಗೆ ಇದೆಲ್ಲ ಸ್ವಲ್ಪ ಅರ್ಥ ಆಗೋದು.

ಮೊದಲು ಲಿನ್ ಝೆಷು ಎಂಬ ಅಧಿಕಾರಿಯ ವಿಷಯ. ಬ್ರಿಟಿಷರಿಗೆ ಚೀನಾದ ಟೀ ಬೇಕಿತ್ತು. ಚೀನಾಕ್ಕೆ ಬ್ರಿಟಿಷರ ಸರಕು ಅಷ್ಟಾಗಿ ಬೇಡವಾಗಿತ್ತು. ಹಾಗಾಗಿ ಬೆಳ್ಳಿ ಚೀನಾ ಕಡೆ ಹರಿಯುತ್ತಿತ್ತು. ಇದಕ್ಕೆ ಈಸ್ಟ್ ಇಂಡಿಯಾ ಕಂಪನಿ ಕಂಡುಕೊಂಡ ಉಪಾಯ ಅಫೀಮು. ಗಂಗಾ ಬಯಲಿನಲ್ಲಿ ಬೆಳೆಸುವುದು, ಕಲ್ಕತ್ತಾದಲ್ಲಿ ಹರಾಜು ಹಾಕುವುದು, ಅಲ್ಲಿಂದ ಮುಂದೆ ಖಾಸಗಿ ವ್ಯಾಪಾರಿಗಳು ಕಳ್ಳಸಾಗಣೆ ಮಾಡುವುದು. ಕಂಪನಿಯ ಕೈ ಮಾತ್ರ ಸ್ವಚ್ಛ. ನೋಡನೋಡುತ್ತಲೇ ಬೆಳ್ಳಿ ದಿಕ್ಕು ಬದಲಿಸಿ ಚೀನಾದಿಂದ ಹೊರಗೆ ಹರಿಯತೊಡಗಿತು. ಆಗ ದಾವ್‌ಗುವಾಂಗ್ ಚಕ್ರವರ್ತಿ ಲಿನ್‌ನನ್ನು ದಕ್ಷಿಣದ ಬಂದರು ಗ್ವಾಂಗ್‌ಝೌಗೆ ಕಳಿಸಿದ.

ಲಿನ್ ಲಂಚ ಮುಟ್ಟದ ಮನುಷ್ಯ. ಜೊತೆಗೆ ಹಠಮಾರಿ. ವಿದೇಶಿ ವ್ಯಾಪಾರಿಗಳನ್ನು ಅವರ ಮಳಿಗೆಗಳಲ್ಲೇ ದಿಗ್ಬಂಧನ ಹಾಕಿ ಕೂರಿಸಿ, 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ವಶಪಡಿಸಿಕೊಂಡ. ಸುಡಲಿಲ್ಲ. ಸುಟ್ಟರೆ ನೆಲಕ್ಕೆ ಇಳಿದ ಅಂಟನ್ನು ಜನ ಕೆರೆದುಕೊಂಡು ಹೋಗುತ್ತಾರೆ ಅಂತ ಅವನಿಗೆ ಗೊತ್ತಿತ್ತು. 1839ರ ಜೂನ್‌ನಲ್ಲಿ ಹೂಮೆನ್ ಎಂಬಲ್ಲಿ ಸಮುದ್ರದ ಪಕ್ಕ ದೊಡ್ಡ ಹೊಂಡಗಳನ್ನು ತೋಡಿಸಿ, ನೀರು ಬಿಟ್ಟು, ಅಫೀಮಿನ ಉಂಡೆಗಳನ್ನು ಒಡೆದು ಹಾಕಿಸಿ, ಉಪ್ಪು ಮತ್ತು ಸುಣ್ಣ ಸುರಿದು ಕಲಕಿಸಿ, ಕರಗಿದ್ದನ್ನು ಇಳಿತದ ಹೊತ್ತಿಗೆ ಸಮುದ್ರಕ್ಕೆ ಬಿಟ್ಟ. ಮೂರು ವಾರ ನಡೆದ ಕೆಲಸ ಇದು. ಶುರು ಮಾಡುವ ಮೊದಲು ಸಮುದ್ರ ದೇವತೆಗೆ ಪೂಜೆ ಮಾಡಿ, ನಿನ್ನ ನೀರಿಗೆ ಹೊಲಸು ಬಿಡುತ್ತಿದ್ದೇನೆ, ಮೀನುಗಳಿಗೆ ಸ್ವಲ್ಪ ದೂರ ಹೋಗಿರಲು ಹೇಳು ಅಂತ ಬೇಡಿಕೊಂಡನಂತೆ. ವಿಕ್ಟೋರಿಯಾ ರಾಣಿಗೂ ಒಂದು ಪತ್ರ ಬರೆದ: ನಿಮ್ಮ ದೇಶದಲ್ಲಿ ನಿಷೇಧ ಇರುವಂಥ ವಿಷವನ್ನು ನಮ್ಮ ಜನಕ್ಕೆ ಮಾರೋದು ಯಾವ ನ್ಯಾಯ ಅನ್ನೋದು ಅದರ ಸಾರ. ಬ್ರಿಟನ್ನಿನಲ್ಲಿ ಆಗ ಅಫೀಮಿಗೆ ನಿಷೇಧ ಇರಲಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ. ಆದರೂ ಪ್ರಶ್ನೆ ಪ್ರಶ್ನೆಯೇ ಅಲ್ವಾ.

ಉತ್ತರವಾಗಿ ಬಂದದ್ದು ಯುದ್ಧನೌಕೆಗಳು. ಅವುಗಳಲ್ಲಿ ಒಂದರ ಹೆಸರು ನೆಮೆಸಿಸ್. ಈಸ್ಟ್ ಇಂಡಿಯಾ ಕಂಪನಿಯದು, ಕಬ್ಬಿಣದ ಮೈ, ಹಬೆಯ ಎಂಜಿನ್, ಚಪ್ಪಟೆ ತಳ. ಗಾಳಿ ಇರಲಿ ಬಿಡಲಿ, ಆಳ ಕಡಿಮೆ ಇದ್ದರೂ ನದಿಯೊಳಗೆ ನುಗ್ಗಬಲ್ಲದು. ಚೀನಾದ ಕೋಟೆಗಳ ಫಿರಂಗಿಗಳು ಸಮುದ್ರದ ಕಡೆ ಮುಖ ಮಾಡಿ, ಆ ಕಡೆ ಈ ಕಡೆ ತಿರುಗಿಸಲು ಬಾರದ ಹಾಗೆ ನೆಟ್ಟಿದ್ದವು. ಹಡಗುಗಳು ಬೇರೆ ದಿಕ್ಕಿನಿಂದ ಬಂದರೆ, ಸೈನಿಕರು ಹಿಂದಿನಿಂದ ಹತ್ತಿದರೆ, ಕೋಟೆ ಸುಮ್ನೆ ಕಲ್ಲಿನ ರಾಶಿ. 1842ರ ಆಗಸ್ಟ್‌ನಲ್ಲಿ ನಾನ್‌ಜಿಂಗ್ ಒಪ್ಪಂದ ಆಯಿತು. ಐದು ಬಂದರು ತೆರೆಯಬೇಕು, ಹಾಂಗ್ ಕಾಂಗ್ ಕೊಡಬೇಕು, 2.1 ಕೋಟಿ ಬೆಳ್ಳಿ ಡಾಲರ್ ದಂಡ ಕಟ್ಟಬೇಕು. ಆ ಒಪ್ಪಂದದಲ್ಲಿ ಅಫೀಮಿನ ವಿಷಯ ಬರುವುದು ಒಂದೇ ಕಡೆ: ಲಿನ್ ಹಾಳುಮಾಡಿದ ಮಾಲಿನ ಬೆಲೆಯನ್ನು ವಸೂಲು ಮಾಡುವ ಜಾಗದಲ್ಲಿ. ಮುಂದಿನ ವರ್ಷದ ಪೂರಕ ಒಪ್ಪಂದದಲ್ಲಿ ಇನ್ನೂ ಎರಡು ಕೊಕ್ಕೆ ಸೇರಿಕೊಂಡವು. ಬ್ರಿಟಿಷ್ ಪ್ರಜೆ ತಪ್ಪು ಮಾಡಿದರೆ ಅವನನ್ನು ಚೀನಾದ ನ್ಯಾಯಾಧೀಶ ವಿಚಾರಿಸುವ ಹಾಗಿಲ್ಲ. ಬೇರೆ ದೇಶಕ್ಕೆ ಯಾವ ಸವಲತ್ತು ಕೊಟ್ಟರೂ ಬ್ರಿಟನ್ನಿಗೂ ತಾನಾಗಿ ಸಿಗಬೇಕು. ಮುಂದೆ ಬಂದವರೆಲ್ಲ ಇದೇ ಎರಡು ಷರತ್ತನ್ನು ನಕಲು ಮಾಡಿದರು.

ಲಿನ್‌ನ ಕೆಲಸ ಅಷ್ಟರೊಳಗೆ ಹೋಗಿತ್ತು. ತಪ್ಪೆಲ್ಲ ಅವನ ತಲೆಗೆ ಕಟ್ಟಿ ದೂರದ ಪಶ್ಚಿಮ ಗಡಿಯ ಇಲಿ ಎಂಬ ಪ್ರದೇಶಕ್ಕೆ ಗಡೀಪಾರು ಮಾಡಿದರು. ಆದರೆ ಗ್ವಾಂಗ್‌ಝೌದಲ್ಲಿದ್ದಾಗ ಅವನು ಇನ್ನೊಂದು ಕೆಲಸ ಮಾಡಿಸಿದ್ದ. ಇಂಗ್ಲಿಷ್ ಬಲ್ಲ ನಾಲ್ಕಾರು ಜನರನ್ನು ಹುಡುಕಿ, ವಿದೇಶಿ ಪತ್ರಿಕೆಗಳನ್ನೂ ಒಂದು ಭೂಗೋಳದ ಪುಸ್ತಕವನ್ನೂ ಚೀನೀ ಭಾಷೆಗೆ ಮಾಡಿಸಿದ್ದ. ಗಡೀಪಾರಿನ ದಾರಿಯಲ್ಲಿ, 1841ರಲ್ಲಿ, ಆ ಕಾಗದಗಳನ್ನೆಲ್ಲ ಗೆಳೆಯ ವೇ ಯುವಾನ್‌ನ ಕೈಗಿಟ್ಟ. ವೇ ಯುವಾನ್ ಅದನ್ನು ಬೆಳೆಸಿ 50 ಭಾಗಗಳ ಒಂದು ಗ್ರಂಥ ಮಾಡಿದ. ಅದೇ ಹೈಗುವೋ ತುಝಿ, ಕಡಲಾಚೆಯ ದೇಶಗಳ ಸಚಿತ್ರ ವಿವರ. 1852ರ ಹೊತ್ತಿಗೆ ಅದು 100 ಭಾಗಕ್ಕೆ ಬೆಳೆದಿತ್ತು. ಅದರಲ್ಲಿ ನಕ್ಷೆಗಳಿದ್ದವು, ದೇಶಗಳ ಇತಿಹಾಸ ಇತ್ತು, ಹಡಗು ಮತ್ತು ಫಿರಂಗಿಗಳ ಚಿತ್ರ ಇದ್ದವು. ಎಲ್ಲಕ್ಕಿಂತ ಮೇಲೆ ಒಂದು ನೇರ ಮಾತಿತ್ತು: ಹೊರಗಿನವರನ್ನು ಹದ್ದುಬಸ್ತಿನಲ್ಲಿ ಇಡಬೇಕಾದರೆ ಅವರಿಗೆ ಚೆನ್ನಾಗಿ ಬರುವ ವಿದ್ಯೆಯನ್ನು ಮೊದಲು ನಾವು ಕಲಿಯಬೇಕು.

ಬೀಜಿಂಗ್ ಏನು ಮಾಡಿತು? ಸುಮಾರು ಇಪ್ಪತ್ತು ವರ್ಷ ಏನೂ ಮಾಡಲಿಲ್ಲ.

ಇದನ್ನು ಜಂಭ ಅಂತ ಒಂದೇ ಮಾತಲ್ಲಿ ಮುಗಿಸೋದು ಸುಲಭ. ಜಂಭ ಇತ್ತು ನಿಜ. ಆದರೆ ಚೀನಾ ಆಳುತ್ತಿದ್ದ ಚಿಂಗ್ ಮನೆತನದ ದರ್ಬಾರಿನ ಜಾಗದಲ್ಲಿ ನಿಂತು ನೋಡಿ. ಗಡಿಯಲ್ಲಿ ಗಲಾಟೆ ಮಾಡುವ ವ್ಯಾಪಾರಿಗಳಿಗೆ ಒಂದಿಷ್ಟು ಸವಲತ್ತು ಕೊಟ್ಟು ಸುಮ್ಮನಾಗಿಸುವುದು ಅವರಿಗೆ ಹಳೆಯ ಅಭ್ಯಾಸ. 1835ರಲ್ಲಿ ಮಧ್ಯ ಏಷ್ಯಾದ ಕೋಕಂದ್‌ನವರಿಗೆ ಹೀಗೇ ಮಾಡಿದ್ದರು: ಕಾಶ್ಗರ್ ಸುತ್ತಮುತ್ತ ತಮ್ಮದೇ ಪ್ರತಿನಿಧಿ ಇಟ್ಟುಕೊಳ್ಳಿ, ನಿಮ್ಮ ವ್ಯಾಪಾರಿಗಳ ಸುಂಕ ನೀವೇ ಎತ್ತಿಕೊಳ್ಳಿ ಅಂತ. ಏಳು ವರ್ಷದ ನಂತರ ಬ್ರಿಟಿಷರಿಗೆ ಕೊಟ್ಟದ್ದು ಅದಕ್ಕಿಂತ ತೀರಾ ಬೇರೆ ಅಂತ ಅವರಿಗೆ ಅನ್ನಿಸಲೇ ಇಲ್ಲ. ಅದಾದ ಮೇಲೆ 1850ರಲ್ಲಿ ತೈಪಿಂಗ್ ದಂಗೆ ಶುರುವಾಯಿತು. ತಾನು ಯೇಸುವಿನ ತಮ್ಮ ಎಂದು ನಂಬಿದ್ದ ಹಾಂಗ್ ಶಿಯುಚುವಾನ್ ಎಂಬವನು ಅರ್ಧ ದಕ್ಷಿಣ ಚೀನಾವನ್ನು ಅಲ್ಲಾಡಿಸಿದ. ನಾನ್‌ಜಿಂಗ್ ಅನ್ನೇ ರಾಜಧಾನಿ ಮಾಡಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕೂತ. 1864ರಲ್ಲಿ ಅದು ಅಡಗುವಷ್ಟರಲ್ಲಿ ಸತ್ತವರು ಸುಮಾರು 2 ಕೋಟಿ ಅಂತ ಲೆಕ್ಕ. ಅಂಥ ಬೆಂಕಿ ಮನೆಯೊಳಗೇ ಹತ್ತಿಕೊಂಡಿರುವಾಗ ಐದು ಬಂದರುಗಳ ವಿಷಯ ಯಾರ ತಲೆಗೆ ಹೋಗುತ್ತೆ?

ಈಗ ಜಪಾನಿಗೆ ಬರೋಣ. ಅದು ಬಾಗಿಲು ಹಾಕಿಕೊಂಡ ದೇಶ ಅಂತ ಹೇಳುತ್ತಾರಲ್ಲ, ಬಾಗಿಲಿಗೆ ಒಂದು ಕಿಂಡಿ ಇತ್ತು. ನಾಗಸಾಕಿ ಬಂದರಿನಲ್ಲಿ ಬೀಸಣಿಗೆಯ ಆಕಾರದ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪ. ಡಚ್ಚರು ಅಲ್ಲಿರಬಹುದು, ಊರೊಳಗೆ ಓಡಾಡುವ ಹಾಗಿಲ್ಲ. ಬಾಡಿಗೆಯ ಜೊತೆಗೆ ಅವರು ಕೊಡಬೇಕಾದದ್ದು ಇನ್ನೊಂದಿತ್ತು: ಹಡಗು ಬಂದಾಗಲೆಲ್ಲ ಹೊರಗಿನ ಪ್ರಪಂಚದ ಸುದ್ದಿ. ಚೀನಾದ ವ್ಯಾಪಾರಿ ಹಡಗುಗಳೂ ಅಲ್ಲಿಗೇ ಬರುತ್ತಿದ್ದವು, ಅವರಿಂದಲೂ ಸುದ್ದಿ ಸಿಗುತ್ತಿತ್ತು. ಹಾಗಾಗಿ ಅಫೀಮು ಯುದ್ಧದ ಸುದ್ದಿ ಎದೋಗೆ (ಇಂದಿನ ಟೋಕಿಯೋ) ಬಿಸಿಬಿಸಿಯಾಗೇ ತಲುಪಿತು. ಪರಿಣಾಮ ನೋಡಿ. ವಿದೇಶಿ ಹಡಗು ಕಂಡಲ್ಲಿ ಹಿಂದೆಮುಂದೆ ನೋಡದೆ ಗುಂಡು ಹಾರಿಸಿ ಅಂತ ಶೋಗನ್, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿ, ಅವನ ಸರ್ಕಾರ 1825ರಲ್ಲಿ ಹುಕುಂ ಹೊರಡಿಸಿತ್ತು. 1842ರಲ್ಲಿ ಅದನ್ನು ಸದ್ದಿಲ್ಲದೆ ವಾಪಸ್ ತೆಗೆದುಕೊಂಡಿತು. ಜಪಾನಿನ ಮೇಲೆ ಆಗ ಒಂದು ಗುಂಡೂ ಬಿದ್ದಿರಲಿಲ್ಲ. ಪಕ್ಕದವರ ಬೆನ್ನಿಗೆ ಬಿದ್ದ ಏಟು ಸಾಕಾಯಿತು.

ವೇ ಯುವಾನ್‌ನ ಪುಸ್ತಕವೂ ಇದೇ ನಾಗಸಾಕಿ ದಾರಿಯಲ್ಲಿ ಬಂತು. ಕ್ರೈಸ್ತ ಧರ್ಮದ ಪ್ರಸ್ತಾಪ ಇದೆ ಅಂತ ಮೊದಲು ತಡೆಹಿಡಿದರು. ಅಮೆರಿಕದ ನೌಕಾಧಿಕಾರಿ ಪೆರಿ 1853ರಲ್ಲಿ ಬಂದು ಹೋದ ಮೇಲೆ ಯಾರಿಗೂ ಆ ಮಡಿ ಬೇಕಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಅದರ ಬೇರೆ ಬೇರೆ ಭಾಗಗಳು ಜಪಾನಿನಲ್ಲಿ ಮೇಲಿಂದ ಮೇಲೆ ಅಚ್ಚಾದವು. ಸಕುಮಾ ಶೋಝಾನ್ ಎಂಬ ವಿದ್ವಾಂಸ ಅದನ್ನು ಓದಿ, ನಾನು ಇಲ್ಲಿ ಕೂತು ಯೋಚಿಸಿದ್ದನ್ನೇ ಇವನು ಅಲ್ಲಿ ಕೂತು ಯೋಚಿಸಿದ್ದಾನೆ ಅಂತ ಬೆರಗಾದ. ಆದರೆ ಫಿರಂಗಿಯ ಅಧ್ಯಾಯ ಮಾತ್ರ ಅವನಿಗೆ ಹಿಡಿಸಲಿಲ್ಲ. ಸಕುಮಾ ಸ್ವತಃ ಡಚ್ ಕಲಿತು, ಪುಸ್ತಕ ನೋಡಿ ಫಿರಂಗಿ ಎರಕ ಹೊಯ್ಸಿದವನು. ಕೈಯಿಂದ ಮಾಡಿ ನೋಡದೆ ಬರೆದರೆ ಹೀಗೇ ಆಗೋದು ಅನ್ನೋ ಧಾಟಿಯಲ್ಲಿ ಟೀಕೆ ಮಾಡಿದ. ನನಗೆ ಆ ಟೀಕೆ ಇಷ್ಟ. ಪುಸ್ತಕಕ್ಕೆ ತಕ್ಕ ಓದುಗ ಸಿಕ್ಕಿದ ಗುರುತು ಅದು.

1853ರ ಜುಲೈನಲ್ಲಿ ಪೆರಿಯ ನಾಲ್ಕು ಕಪ್ಪು ಹಡಗುಗಳು ಉರಾಗಾ ಹತ್ತಿರ ಬಂದು ನಿಂತಾಗ ಇಡೀ ಜಪಾನ್ ಬೆಚ್ಚಿಬಿತ್ತು ಅಂತ ಬರೆಯುತ್ತಾರೆ. ಜನ ಬೆಚ್ಚಿದ್ದು ಹೌದು. ಸರ್ಕಾರಕ್ಕೆ ಮಾತ್ರ ಹಿಂದಿನ ವರ್ಷವೇ ಡಚ್ಚರು ಹೇಳಿದ್ದರು, ಅಮೆರಿಕದವರು ಹೊರಟಿದ್ದಾರೆ ಅಂತ. ಗೊತ್ತಿದ್ದೂ ಏನು ಮಾಡಬೇಕು ಅಂತ ತೋಚಲಿಲ್ಲ, ಅಷ್ಟೇ. ಶೋಗನ್‌ನ ಹಿರಿಯ ಮಂತ್ರಿ ಅಬೆ ಮಸಾಹಿರೋ ಹಿಂದೆ ಯಾರೂ ಮಾಡದ ಕೆಲಸ ಮಾಡಿದ. ಎಲ್ಲ ಡೈಮ್ಯೋಗಳಿಗೂ, ಅಂದರೆ ಪ್ರಾಂತಗಳ ಒಡೆಯರಿಗೂ, ಪತ್ರ ಕಳಿಸಿ ನಿಮ್ಮ ಅಭಿಪ್ರಾಯ ತಿಳಿಸಿ ಅಂತ ಕೇಳಿದ. ಒಮ್ಮತವಂತೂ ಬರಲಿಲ್ಲ. ಬದಲಿಗೆ, ಎರಡೂವರೆ ಶತಮಾನ ಬಾಯಿ ಮುಚ್ಚಿಕೊಂಡಿದ್ದವರಿಗೆಲ್ಲ ನಮಗೂ ಮಾತಾಡುವ ಹಕ್ಕಿದೆ ಅನ್ನಿಸಿತು. ಶೋಗನ್ ಆಡಳಿತದ ಅಡಿಪಾಯ ಬಿರುಕು ಬಿಟ್ಟದ್ದು ಆ ಪತ್ರದಿಂದ ಅನ್ನೋದು ನನ್ನ ಅನಿಸಿಕೆ.

ಮತ್ತೆ, ಬುದ್ಧಿವಂತ ಜಪಾನ್ ಕೂಡ ಚೀನಾದಂಥದ್ದೇ ಒಪ್ಪಂದಗಳಿಗೆ ಸಹಿ ಹಾಕಿತು ಅನ್ನೋದನ್ನು ಮರೆಯಬೇಡಿ. 1858ರಲ್ಲಿ ಅಮೆರಿಕದ ಪ್ರತಿನಿಧಿ ಟೌನ್‌ಸೆಂಡ್ ಹ್ಯಾರಿಸ್ ಹಾಕಿದ ಪಟ್ಟು ಸರಳ: ಬ್ರಿಟಿಷರೂ ಫ್ರೆಂಚರೂ ಚೀನಾದ ಕೆಲಸ ಮುಗಿಸಿ ಇತ್ತ ಬರುತ್ತಾರೆ, ಅದಕ್ಕೆ ಮೊದಲು ನಮ್ಮ ಜೊತೆ ಒಪ್ಪಂದ ಮಾಡಿಕೊಂಡರೆ ನಿಮಗೇ ಒಳ್ಳೆಯದು. ಸಹಿ ಬಿತ್ತು. ವಿದೇಶಿಯರನ್ನು ವಿಚಾರಿಸುವ ಹಕ್ಕು ಹೋಯಿತು, ಸುಂಕ ಗೊತ್ತುಮಾಡುವ ಹಕ್ಕೂ ಹೋಯಿತು. ಅದೇ ವರ್ಷ ಬ್ರಿಟನ್, ಫ್ರಾನ್ಸ್, ರಷ್ಯಾ, ಹಾಲೆಂಡ್ ಕೂಡ ಸಾಲಾಗಿ ಬಂದು ಅದನ್ನೇ ಪಡೆದುಕೊಂಡವು.

ಇದರ ಬಿಸಿ ಜನಕ್ಕೆ ಹೇಗೆ ತಟ್ಟಿತು ಅನ್ನೋದಕ್ಕೆ ಚಿನ್ನದ ಲೆಕ್ಕ ನೋಡಿ. ಆಗ ಹೊರಗಿನ ಪ್ರಪಂಚದಲ್ಲಿ ಒಂದು ತೂಕ ಚಿನ್ನಕ್ಕೆ ಸುಮಾರು 15 ತೂಕ ಬೆಳ್ಳಿ. ಜಪಾನಿನೊಳಗೆ ಸುಮಾರು 5. ಒಪ್ಪಂದದ ಪ್ರಕಾರ ನಾಣ್ಯಗಳನ್ನು ತೂಕಕ್ಕೆ ತೂಕ ಬದಲಾಯಿಸಿ ಕೊಡಬೇಕು. ವಿದೇಶಿ ವ್ಯಾಪಾರಿ 4 ಮೆಕ್ಸಿಕನ್ ಬೆಳ್ಳಿ ಡಾಲರ್ ತರುತ್ತಾನೆ, 12 ಇಚಿಬು ಎಂಬ ಬೆಳ್ಳಿ ನಾಣ್ಯ ಪಡೆಯುತ್ತಾನೆ. 4 ಇಚಿಬುಗೆ ಒಂದು ಕೋಬಾನ್ ಎಂಬ ಚಿನ್ನದ ನಾಣ್ಯ. ಅಲ್ಲಿಗೆ ಅವನ ಕೈಯಲ್ಲಿ 3 ಕೋಬಾನ್. ಅದನ್ನು ಶಾಂಘೈಗೆ ಒಯ್ದು ಮಾರಿದರೆ ಒಂದೊಂದಕ್ಕೆ ಸುಮಾರು 4 ಡಾಲರ್, ಒಟ್ಟು 12. ಬೆವರು ಹರಿಸದೆ ಒಂದಕ್ಕೆ ಮೂರು. ಹಡಗಿನ ಅಧಿಕಾರಿಗಳು, ರಾಜತಂತ್ರದವರು ಎಲ್ಲರೂ ಇದರಲ್ಲಿ ಕೈ ಅದ್ದಿದರು. ಕೊನೆಗೆ 1860ರಲ್ಲಿ ಶೋಗನ್ ಸರ್ಕಾರ ಚಿನ್ನದ ನಾಣ್ಯವನ್ನೇ ಮೂರನೇ ಒಂದು ಪಾಲಿಗೆ ಇಳಿಸಿ ಹೊಸದಾಗಿ ಟಂಕಿಸಿತು. ಸೋರಿಕೆ ನಿಂತಿತು, ಬೆಲೆ ಗಗನಕ್ಕೆ ಏರಿತು. ಗೊತ್ತಾದ ಸಂಬಳದ ಮೇಲೆ ಬದುಕುವ ಕೆಳದರ್ಜೆಯ ಸಮುರಾಯ್‌ಗಳ ಕೈಯಲ್ಲಿ ಕತ್ತಿ ಬೇರೆ ಇತ್ತು. ವಿದೇಶಿಯರನ್ನು ಓಡಿಸಿ ಅನ್ನೋ ಕೂಗು ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಆ ಕೂಗು ಹಾಕುತ್ತಿದ್ದವರಲ್ಲಿ ಇಟೋ ಹಿರೋಬುಮಿ ಎಂಬ ಹುಡುಗನೂ ಇದ್ದ. ಚೋಶು ಪ್ರಾಂತದವನು, ಬಡವರ ಮನೆಯ ಮಗ, ಯೋಶಿದಾ ಶೋಇನ್‌ನ ಶಿಷ್ಯ. ಈ ಶೋಇನ್ ಸಕುಮಾನ ಶಿಷ್ಯ. 1854ರಲ್ಲಿ ಶಿಮೋದಾದಲ್ಲಿ ರಾತ್ರಿ ದೋಣಿ ಹುಟ್ಟುಹಾಕಿಕೊಂಡು ಪೆರಿಯ ಹಡಗು ಹತ್ತಿ, ನನ್ನನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗಿ ಅಂತ ಕೇಳಿ, ಬೈಸಿಕೊಂಡು ವಾಪಸಾಗಿ ಜೈಲು ಸೇರಿದವನು. 1859ರಲ್ಲಿ ಇನ್ನೊಂದು ಸಂಚಿನ ಆರೋಪದಲ್ಲಿ ಅವನ ತಲೆ ತೆಗೆದರು. ಅವನ ಶಿಷ್ಯರು ಕೆಲವರು 1863ರ ಶುರುವಿನಲ್ಲಿ ಎದೋದಲ್ಲಿ ಕಟ್ಟುತ್ತಿದ್ದ ಬ್ರಿಟಿಷ್ ರಾಯಭಾರ ಕಚೇರಿಗೆ ಬೆಂಕಿ ಇಟ್ಟರು. ಇಟೋ ಆ ಗುಂಪಿನಲ್ಲಿದ್ದ.

ಅದೇ ವರ್ಷ ಅದೇ ಇಟೋ ಲಂಡನ್ನಿಗೆ ಓದಲು ಹೋದ! ದೇಶ ಬಿಟ್ಟು ಹೋದರೆ ಮರಣದಂಡನೆ ಇದ್ದ ಕಾಲ. ಚೋಶುವಿನ ಐದು ಹುಡುಗರು ಕೂದಲು ಕತ್ತರಿಸಿಕೊಂಡು, ಪಾಶ್ಚಾತ್ಯರ ಬಟ್ಟೆ ಹಾಕಿಕೊಂಡು, ಯೊಕೊಹಾಮಾದಿಂದ ಕದ್ದು ಹಡಗು ಹತ್ತಿದರು. ಕಳಿಸಿದ್ದು ಅವರ ಪ್ರಾಂತದ ಹಿರಿಯರೇ. ಶಾಂಘೈನಿಂದ ಮುಂದಕ್ಕೆ ಇಟೋ ಮತ್ತು ಇನೋವೆ ಕವೊರು ಇಬ್ಬರನ್ನೂ ಹಡಗಿನಲ್ಲಿ ಪ್ರಯಾಣಿಕರ ಹಾಗೆ ನೋಡದೆ ನಾವಿಕರ ಕೆಲಸಕ್ಕೆ ಹಚ್ಚಿ ದುಡಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿ ಕೆಲವು ತಿಂಗಳಾಗಿತ್ತು, ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ: ಶಿಮೊನೊಸೆಕಿ ಜಲಸಂಧಿಯಲ್ಲಿ ಚೋಶುವಿನವರು ವಿದೇಶಿ ಹಡಗುಗಳ ಮೇಲೆ ಗುಂಡು ಹಾರಿಸಿದ್ದಾರೆ, ಪಾಶ್ಚಾತ್ಯರು ಸೇಡು ತೀರಿಸಲು ಹೊರಟಿದ್ದಾರೆ. ಇಬ್ಬರೂ ಬಿದ್ದಂಬೀಳ ವಾಪಸ್ ಬಂದು, ಬೇಡ, ಅವರ ಜೊತೆ ಗುದ್ದಾಡಿ ಗೆಲ್ಲೋಕಾಗಲ್ಲ ಅಂತ ಊರಿನವರಿಗೆ ಹೇಳಿದರು. ಯಾರೂ ಕೇಳಲಿಲ್ಲ. 1864ರ ಸೆಪ್ಟೆಂಬರ್‌ನಲ್ಲಿ ನಾಲ್ಕು ದೇಶಗಳ ನೌಕಾಪಡೆ ಬಂದು ಚೋಶುವಿನ ಫಿರಂಗಿಗಳನ್ನು ಕಿತ್ತುಕೊಂಡೇ ಹೋಯಿತು. ಹಿಂದಿನ ವರ್ಷ ಸತ್ಸುಮಾ ಎಂಬ ಇನ್ನೊಂದು ಪ್ರಾಂತದವರಿಗೆ ಕಾಗೋಶಿಮಾದಲ್ಲಿ ಇದೇ ಗತಿ ಆಗಿತ್ತು.

ವ್ಯತ್ಯಾಸ ಬಂದದ್ದು ಇಲ್ಲಿ ಅಂತ ನನಗನ್ನಿಸುತ್ತೆ. ಏಟು ತಿಂದವರ ಕೈಗೇ ಅಧಿಕಾರ ಬಂತು. ಚೋಶು ಮತ್ತು ಸತ್ಸುಮಾ ಎರಡೂ ಪಾಶ್ಚಾತ್ಯರ ಬಂದೂಕು ಕೊಂಡು, ಕೈಜೋಡಿಸಿ, 1868ರಲ್ಲಿ ಶೋಗನ್ ಆಡಳಿತವನ್ನೇ ಕೆಳಗಿಳಿಸಿದವು. ಚಕ್ರವರ್ತಿಯ ಹೆಸರಿನಲ್ಲಿ ದೇಶ ಆಳಿದವರು ಮೂವತ್ತು ನಲವತ್ತು ವಯಸ್ಸಿನ ಈ ಗುಂಪು. ವಿದೇಶಿಯರನ್ನು ಓಡಿಸುತ್ತೇವೆ ಅಂತ ಬಂದು ಬಾಗಿಲನ್ನು ಪೂರ್ತಿ ತೆಗೆದವರೂ ಇವರೇ. ಮುಂದಿನದು ಎಲ್ಲರಿಗೂ ಗೊತ್ತಿರುವ ಪಟ್ಟಿ: 1871ರಲ್ಲಿ ಪ್ರಾಂತಗಳ ರದ್ದು, 1872ರಲ್ಲಿ ಶಾಲೆ ಮತ್ತು ರೈಲು, 1873ರಲ್ಲಿ ಕಡ್ಡಾಯ ಸೈನ್ಯ ಸೇವೆ. ಸರ್ಕಾರದ ಅರ್ಧ ತಲೆಗಳು ಇವಾಕುರಾ ನಿಯೋಗದಲ್ಲಿ ಸುಮಾರು ಎರಡು ವರ್ಷ ಅಮೆರಿಕ, ಯುರೋಪು ಸುತ್ತಿದವು. ಇದೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಯಿತು ಅಂದುಕೊಳ್ಳಬೇಡಿ. ರೈತರು ದಂಗೆ ಎದ್ದರು. 1876ರಲ್ಲಿ ಸಮುರಾಯ್‌ಗಳ ವಂಶಪಾರಂಪರ್ಯ ಸಂಬಳ ನಿಲ್ಲಿಸಿದಾಗ ಮರುವರ್ಷವೇ ಸತ್ಸುಮಾ ತಿರುಗಿಬಿತ್ತು. ಇಷ್ಟೆಲ್ಲ ಮಾಡಿಯೂ ಪಾಶ್ಚಾತ್ಯರನ್ನು ತಮ್ಮ ಕೋರ್ಟಿನಲ್ಲಿ ವಿಚಾರಿಸುವ ಹಕ್ಕು ಜಪಾನಿಗೆ ಮರಳಿ ಸಿಕ್ಕಿದ್ದು 1899ರಲ್ಲಿ. ಸುಂಕದ ಪೂರ್ತಿ ಹಕ್ಕು ಸಿಗಲು 1911 ಬರಬೇಕಾಯಿತು.

ಚೀನಾದಲ್ಲಿ ಏಟು ತಿಂದವರು ಅಧಿಕಾರಕ್ಕೆ ಬರಲಿಲ್ಲ, ಅಧಿಕಾರದ ಪಕ್ಕಕ್ಕೆ ಬಂದರು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಬೀಜಿಂಗ್‌ವರೆಗೂ ಬಂದು ಯುವಾನ್‌ಮಿಂಗ್‌ಯುವಾನ್ ಅರಮನೆಯನ್ನು ದೋಚಿದವು, ಲಾರ್ಡ್ ಎಲ್ಗಿನ್‌ನ ಆಜ್ಞೆಯಂತೆ ಅದನ್ನು ಸುಟ್ಟರು. ಅದಾದ ಮೇಲೆ ದರ್ಬಾರಿಗೂ ಬಿಸಿ ಮುಟ್ಟಿತು. 1861ರಲ್ಲಿ ವಿದೇಶಾಂಗ ವ್ಯವಹಾರಕ್ಕೆ ಕಚೇರಿ, 1862ರಲ್ಲಿ ವಿದೇಶಿ ಭಾಷೆಯ ಶಾಲೆ, 1865ರಲ್ಲಿ ಶಾಂಘೈಯಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆ, 1866ರಲ್ಲಿ ಫೂಝೌದಲ್ಲಿ ಹಡಗುಕಟ್ಟೆ. ಇಸವಿ ನೋಡಿ, ಇವೆಲ್ಲ 1868ರಲ್ಲಿ ಜಪಾನಿನಲ್ಲಿ ಬಂದ ಮೇಜಿ ಆಡಳಿತಕ್ಕಿಂತ ಮೊದಲಿನವು. ಚೀನಾ ನಿದ್ದೆ ಮಾಡುತ್ತಿತ್ತು ಅನ್ನೋದು ಸುಳ್ಳು. ತೊಂದರೆ ಇದ್ದದ್ದು ಬೇರೆ ಕಡೆ. ಇದನ್ನೆಲ್ಲ ಮಾಡಿದವರು ತೈಪಿಂಗ್ ದಂಗೆ ಅಡಗಿಸಿದ ಪ್ರಾಂತಾಧಿಕಾರಿಗಳು: ಝೆಂಗ್ ಗುವೋಫಾನ್, ಝುವೋ ಝೋಂಗ್‌ತಾಂಗ್, ಲಿ ಹಾಂಗ್‌ಝಾಂಗ್. ಒಬ್ಬೊಬ್ಬರಿಗೂ ಅವರದೇ ಸೈನ್ಯ, ಅವರದೇ ಕಾರ್ಖಾನೆ, ಅವರದೇ ಹಣದ ಮೂಲ. ಕೇಂದ್ರದಲ್ಲಿ ಹೊರಗಿನಿಂದ ಬಂದು ಆಳುತ್ತಿದ್ದ ಒಂದು ಮಂಚು ದರ್ಬಾರು, ಈ ಚೀನೀ ಮೂಲದ ಹಾನ್ ಅಧಿಕಾರಿಗಳು ತೀರಾ ಬೆಳೆದರೆ ತನಗೇ ಅಪಾಯ ಅಂತ ಒಳಗೊಳಗೇ ಹೆದರಿ, ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಾ ಕೂತಿತ್ತು.

ಇದಕ್ಕೆ ಸಿಕ್ಕಿ ನಲುಗಿದವರಲ್ಲಿ 120 ಹುಡುಗರೂ ಇದ್ದರು. ಯೇಲ್‌ನಲ್ಲಿ ಓದಿದ್ದ ಯುಂಗ್ ವಿಂಗ್ ಎಂಬವನ ಒತ್ತಾಯದ ಮೇಲೆ 1872ರಿಂದ ವರ್ಷಕ್ಕೆ 30ರಂತೆ ನಾಲ್ಕು ತಂಡಗಳನ್ನು ಅಮೆರಿಕದ ಕನೆಕ್ಟಿಕಟ್ ಕಡೆ ಕಳಿಸಿದರು. 15 ವರ್ಷ ಓದಿ ಬರಬೇಕು ಅಂತ ಯೋಜನೆ. ಉದ್ದ ಅಂಗಿ, ಉದ್ದ ಜಡೆ ಹಾಕಿಕೊಂಡು ಹೋದ ಮಕ್ಕಳು ಅಲ್ಲಿನ ಮನೆಗಳಲ್ಲಿ ಬೆಳೆದು, ಬೇಸ್‌ಬಾಲ್ ಆಡುತ್ತಾ, ಕೆಲವರು ಚರ್ಚಿಗೂ ಹೋಗುತ್ತಾ, ಅಲ್ಲಿನವರೇ ಆಗುತ್ತಿದ್ದಾರೆ ಅಂತ ಮೇಲ್ವಿಚಾರಕರು ಬೀಜಿಂಗ್‌ಗೆ ದೂರು ಬರೆದರು. ಸೈನಿಕ ಕಾಲೇಜುಗಳಿಗೆ ಇವರನ್ನು ಸೇರಿಸಲು ಅಮೆರಿಕವೂ ಒಪ್ಪಲಿಲ್ಲ. 1881ರಲ್ಲಿ ಎಲ್ಲರನ್ನೂ ವಾಪಸ್ ಕರೆಸಿದರು, ಹೆಚ್ಚಿನವರ ಡಿಗ್ರಿ ಅರ್ಧಕ್ಕೆ ನಿಂತಿತ್ತು. ಅವರಲ್ಲಿ ಝಾನ್ ತಿಯಾನ್‌ಯೋ ಓದು ಮುಗಿಸಿದ ಇಬ್ಬರಲ್ಲಿ ಒಬ್ಬ. ರೈಲು ಎಂಜಿನಿಯರಿಂಗ್ ಓದಿ ಬಂದವನಿಗೆ ಮೊದಲು ಕೊಟ್ಟದ್ದು ನೌಕಾಪಡೆಯ ಕೆಲಸ! ಅದೆಷ್ಟೋ ವರ್ಷದ ನಂತರ, 1909ರಲ್ಲಿ, ಅವನೇ ಬೀಜಿಂಗ್‌ನಿಂದ ಝಾಂಗ್‌ಜಿಯಾಕೋಗೆ ಬೆಟ್ಟ ಸೀಳಿ ರೈಲು ಹಾಕಿ ಮುಗಿಸಿದ.

ಒಡಕಿನ ಫಲ 1884ರ ಆಗಸ್ಟ್‌ನಲ್ಲಿ ಕಂಡಿತು. ವಿಯೆಟ್ನಾಂ ವಿಷಯದಲ್ಲಿ ಜಗಳ ತೆಗೆದ ಫ್ರೆಂಚರು ಫೂಝೌ ಹತ್ತಿರದ ಮಾವೇಯಲ್ಲಿ, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದಲೇ ಕಟ್ಟಿದ್ದ ಹಡಗುಕಟ್ಟೆಯ ಎದುರೇ, ಚೀನೀ ಪಡೆಯನ್ನು ಒಂದು ಗಂಟೆಯೊಳಗೆ ಮುಳುಗಿಸಿದರು. ಅಮೆರಿಕದಿಂದ ಬಂದಿದ್ದ ಆ ಹುಡುಗರಲ್ಲಿ ಕೆಲವರು ಅಲ್ಲೇ ಸತ್ತರು. ಉತ್ತರದಲ್ಲಿ ಲಿ ಹಾಂಗ್‌ಝಾಂಗ್‌ನ ಬೇಯಾಂಗ್ ನೌಕಾಪಡೆ ಸಹಾಯಕ್ಕೆ ಬರಲಿಲ್ಲ. ಹತ್ತು ವರ್ಷದ ನಂತರ ಜಪಾನ್ ಎದುರು ಅದೇ ಬೇಯಾಂಗ್ ಪಡೆ ಒಂಟಿಯಾಗಿ ನಿಂತಾಗ ದಕ್ಷಿಣದವರು ಬಹುಪಾಲು ಕೈಕಟ್ಟಿ ಕೂತರು. ತನ್ನ ನೆಲೆಯಾದ ವೇಹೈವೇಯಲ್ಲಿ ಆ ಪಡೆ ಶರಣಾದ ಮೇಲೆ ಚೀನೀ ಅಧಿಕಾರಿಯೊಬ್ಬ ಜಪಾನೀ ಅಡ್ಮಿರಲ್‌ಗೆ ಒಂದು ಅರ್ಜಿ ಕೊಟ್ಟ: ಗ್ವಾಂಗ್‌ಬಿಂಗ್ ಎಂಬ ಈ ಹಡಗು ಗ್ವಾಂಗ್‌ಡಾಂಗ್ ಪ್ರಾಂತದ್ದು, ಈ ಯುದ್ಧಕ್ಕೂ ಆ ಪ್ರಾಂತಕ್ಕೂ ಸಂಬಂಧ ಇಲ್ಲ, ದಯವಿಟ್ಟು ವಾಪಸ್ ಕೊಡಿ. ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಚಕ್ರವರ್ತಿಯ ತಾಯಿಯ ಸ್ಥಾನದಲ್ಲಿದ್ದು ದರ್ಬಾರು ನಡೆಸುತ್ತಿದ್ದ ರಾಣಿ ಸಿಶಿ ನೌಕಾಪಡೆಯ ಹಣವನ್ನು ಅರಮನೆಯ ತೋಟಕ್ಕೆ ಸುರಿದಳು ಅನ್ನೋ ಕಥೆ ಎಲ್ಲರ ಬಾಯಲ್ಲೂ ಇದೆ. ಹಣ ಹೋದದ್ದು ನಿಜ. ಆದರೆ ನನಗೆ ಆ ತೋಟಕ್ಕಿಂತ ಈ ಅರ್ಜಿ ಜಾಸ್ತಿ ಹೇಳುತ್ತೆ.

ಕೊರಿಯಾದ ಕಷ್ಟವೇ ಬೇರೆ. ಅದು ಮೊದಲೆರಡು ಸಲ ಗೆದ್ದುಬಿಟ್ಟಿತ್ತು. 1866ರಲ್ಲಿ ಜನರಲ್ ಶೆರ್ಮನ್ ಎಂಬ ಅಮೆರಿಕನ್ ವ್ಯಾಪಾರಿ ಹಡಗು ಪ್ಯೊಂಗ್‌ಯಾಂಗ್‌ವರೆಗೆ ನದಿಯಲ್ಲಿ ಬಂದು ಹಾವಳಿ ಮಾಡಿದಾಗ ಅದಕ್ಕೆ ಬೆಂಕಿ ಹಚ್ಚಿದರು. ಅದೇ ವರ್ಷ, ತಮ್ಮ ಪಾದ್ರಿಗಳನ್ನು ಕೊಂದದ್ದಕ್ಕೆ ಸೇಡು ತೀರಿಸಲು ಗಂಗ್ವಾ ದ್ವೀಪಕ್ಕೆ ಬಂದ ಫ್ರೆಂಚರು ರಾಜಮನೆತನದ ಪುಸ್ತಕಗಳನ್ನು ದೋಚಿಕೊಂಡು ಹಿಂದಿರುಗಬೇಕಾಯಿತು. ಆ ಪುಸ್ತಕಗಳು ಪ್ಯಾರಿಸ್‌ನಿಂದ ಸೋಲ್‌ಗೆ ವಾಪಸ್ ಬಂದದ್ದು 2011ರಲ್ಲಿ, ಅದೂ ಸಾಲದ ಲೆಕ್ಕದಲ್ಲಿ. 1871ರಲ್ಲಿ ಅಮೆರಿಕನ್ನರು ಅದೇ ದ್ವೀಪದ ಕೋಟೆಗಳ ಮೇಲೆ ಬಿದ್ದರು. ಬಂದೂಕಿನ ಗುಂಡು ತಡೆಯಲೆಂದು ಹತ್ತಿಬಟ್ಟೆಯನ್ನು ಪದರದ ಮೇಲೆ ಪದರ ಹೊಲಿದು ಮಾಡಿದ ದಪ್ಪ ಕವಚ ತೊಟ್ಟು, ಜೂನ್ ತಿಂಗಳ ಸೆಕೆಯಲ್ಲಿ, ಕೊರಿಯಾದ ಸೈನಿಕರು ಗುಂಡು ಮುಗಿದ ಮೇಲೆ ಕಲ್ಲು ಎಸೆದು ಹೋರಾಡಿದರು. ಸತ್ತವರು ಕೊರಿಯಾದ ಕಡೆ 200ಕ್ಕೂ ಹೆಚ್ಚು, ಅಮೆರಿಕದ ಕಡೆ 3. ಆದರೆ ಒಪ್ಪಂದ ಸಿಗದೆ ಅಮೆರಿಕನ್ನರು ಹೊರಟುಹೋದರು. ಸೋಲ್‌ನಲ್ಲಿ ಕೂತು ನೋಡಿದವರಿಗೆ ಅದು ಗೆಲುವೇ. ಬಾಲಕನಾಗಿ ಪಟ್ಟಕ್ಕೆ ಬಂದಿದ್ದ ರಾಜನ ತಂದೆ, ದೇವೊಂಗುನ್ ಅಂತ ಕರೆಸಿಕೊಳ್ಳುತ್ತಿದ್ದವನು, ಊರೂರಲ್ಲಿ ಕಲ್ಲು ನಿಲ್ಲಿಸಿದ: ಪಶ್ಚಿಮದವರು ನುಗ್ಗುತ್ತಿದ್ದಾರೆ, ಹೋರಾಡದಿದ್ದರೆ ರಾಜಿ ಆದ ಹಾಗೆ, ರಾಜಿ ಅನ್ನೋದು ದೇಶ ಮಾರಿದ ಹಾಗೆ.

ಕಲ್ಲು ನೋಡುತ್ತಿದ್ದದ್ದು ಪಶ್ಚಿಮಕ್ಕೆ. ಹಡಗು ಬಂದದ್ದು ಪೂರ್ವದಿಂದ. 1875ರಲ್ಲಿ ಉನ್ಯೋ ಎಂಬ ಜಪಾನೀ ಯುದ್ಧನೌಕೆ ಗಂಗ್ವಾ ಹತ್ತಿರ ಸುಳಿದಾಡಿ ಗುಂಡು ಹಾರಿಸಿಕೊಂಡಿತು. ಅದನ್ನೇ ನೆಪ ಮಾಡಿಕೊಂಡು ಮುಂದಿನ ವರ್ಷ ಜಪಾನ್ ಹಡಗುಗಳ ಸಾಲನ್ನೇ ತಂದು ನಿಲ್ಲಿಸಿತು. ಪೆರಿ ಬಂದು 23 ವರ್ಷ ಆಗಿರಲಿಲ್ಲ ಇನ್ನೂ. ಗಂಗ್ವಾ ಒಪ್ಪಂದದಲ್ಲಿ ಏನಿದೆ ನೋಡಿ: ಪೂಸಾನ್ ಜೊತೆಗೆ ಇನ್ನೆರಡು ಬಂದರು, ಜಪಾನೀಯರನ್ನು ಜಪಾನೀಯರೇ ವಿಚಾರಿಸಬೇಕು, ಜೊತೆಗಿನ ಕರಾರಿನ ಪ್ರಕಾರ ಅವರ ಸರಕಿಗೆ ಸುಂಕವೇ ಇಲ್ಲ. ತನಗೆ ಪಾಶ್ಚಾತ್ಯರು ಬರೆದುಕೊಟ್ಟ ಚೀಟಿಯನ್ನೇ ಹೆಸರು ಬದಲಿಸಿ ಕೊರಿಯಾದ ಮುಂದೆ ಇಟ್ಟಿತು. ಮೊದಲ ಕಲಮಿನಲ್ಲಿ ಕೊರಿಯಾ ಸ್ವತಂತ್ರ ದೇಶ ಅಂತ ಬರೆದದ್ದು ಗೌರವಕ್ಕಲ್ಲ, ಚೀನಾದ ಕೈ ಬಿಡಿಸೋದಕ್ಕೆ.

ಕೊರಿಯಾದಲ್ಲೂ ಜಪಾನಿನ ದಾರಿ ಹಿಡಿಯಬೇಕು ಅಂದವರಿದ್ದರು. 1884ರ ಡಿಸೆಂಬರ್‌ನಲ್ಲಿ, ಹೊಸ ಅಂಚೆ ಕಚೇರಿಯ ಉದ್ಘಾಟನೆಯ ಔತಣದ ರಾತ್ರಿ, ಕಿಮ್ ಓಕ್‌ಗ್ಯೂನ್ ಮತ್ತು ಗೆಳೆಯರು ಕ್ರಾಂತಿಗೆ ಕೈ ಹಾಕಿದರು. ಮೂರೇ ದಿನ. ಚೀನೀ ಪಡೆ ಬಂದು ಅಡಗಿಸಿತು. ಬೆಂಬಲ ಕೊಡುತ್ತೇವೆ ಅಂದಿದ್ದ ಜಪಾನಿನ ರಾಯಭಾರಿ ಜಾಗ ಖಾಲಿ ಮಾಡಿದ. ಈ ಗಲಾಟೆಯ ನಂತರ 1885ರಲ್ಲಿ ತಿಯಾನ್‌ಜಿನ್‌ನಲ್ಲಿ ಎರಡೂ ದೇಶ ಕೂತು, ಕೊರಿಯಾದಿಂದ ಸೈನ್ಯ ತೆಗೆಯೋಣ ಅಂತ ಒಪ್ಪಿಕೊಂಡವು. ಚೀನಾದ ಪರವಾಗಿ ಲಿ ಹಾಂಗ್‌ಝಾಂಗ್, ಜಪಾನಿನ ಪರವಾಗಿ ಇಟೋ.

ಹತ್ತು ವರ್ಷದ ಮೇಲೆ ಅದೇ ಇಬ್ಬರು ಮತ್ತೆ ಎದುರುಬದುರಾದರು. ಕೊರಿಯಾದ ವಿಷಯದಲ್ಲಿ ಎರಡೂ ದೇಶಗಳ ನಡುವೆ 1894ರಲ್ಲಿ ಹತ್ತಿಕೊಂಡ ಯುದ್ಧ ಮುಗಿಯುತ್ತಾ ಬಂದಿತ್ತು, ಚೀನಾ ಸೋತಿತ್ತು. 1895ರ ಮಾರ್ಚ್, ಜಾಗ ಶಿಮೊನೊಸೆಕಿ. ಹೌದು, ಚೋಶುವಿನ ಫಿರಂಗಿಗಳನ್ನು ಪಾಶ್ಚಾತ್ಯರು ಕಿತ್ತೊಯ್ದ ಅದೇ ಊರು. ಮಾತುಕತೆಯ ದಾಖಲೆ ಉಳಿದಿದೆ. ಹತ್ತು ವರ್ಷದ ಹಿಂದೆ ತಿಯಾನ್‌ಜಿನ್‌ನಲ್ಲಿ ಸುಧಾರಣೆಯ ಮಾತಾಡಿದ್ದೆನಲ್ಲ, ಯಾಕೆ ಏನೂ ಬದಲಾಗಿಲ್ಲ ಅಂತ ಇಟೋ ಕೇಳಿದ. 70 ದಾಟಿದ್ದ ಲಿ, ನಮ್ಮಲ್ಲಿ ಹಳೆಯ ಕಟ್ಟುಪಾಡುಗಳ ಹಿಡಿತ ಬಲವಾಗಿದೆ, ಅಂದುಕೊಂಡದ್ದು ಮಾಡಲಾಗಲಿಲ್ಲ ಅಂತ ಒಪ್ಪಿಕೊಂಡ. ನಾಲ್ಕು ದಿನದ ನಂತರ, ಸಭೆ ಮುಗಿಸಿ ಬಿಡಾರಕ್ಕೆ ಹಿಂತಿರುಗುತ್ತಿದ್ದಾಗ ಒಬ್ಬ ಜಪಾನೀ ಯುವಕ ಲಿ ಮುಖಕ್ಕೇ ಗುಂಡು ಹೊಡೆದ. ಮುದುಕ ಬದುಕಿಕೊಂಡ. ಪ್ರಪಂಚದೆದುರು ಮರ್ಯಾದೆ ಹೋಯಿತು ಅಂತ ಜಪಾನ್ ಕದನ ನಿಲ್ಲಿಸಲು ಒಪ್ಪಿತು. ಮಾತುಕತೆಯಲ್ಲಿ ಗಿಟ್ಟದೇ ಇದ್ದದ್ದು ಒಂದು ಗುಂಡಿನಿಂದ ಗಿಟ್ಟಿತು.

ಷರತ್ತುಗಳು ಕರುಣೆ ಇಲ್ಲದವು: 20 ಕೋಟಿ ತಾಯೆಲ್ (ಚೀನಾದ ತೂಕದ ಅಳತೆ) ಬೆಳ್ಳಿ, ತೈವಾನ್, ಲಿಯಾವ್‌ಡಾಂಗ್ ಪರ್ಯಾಯ ದ್ವೀಪ, ಕೊರಿಯಾದ ಮೇಲಿನ ಹಕ್ಕು ಬಿಡುವುದು. ಕೆಲವೇ ದಿನದಲ್ಲಿ ರಷ್ಯಾ, ಜರ್ಮನಿ, ಫ್ರಾನ್ಸ್ ಸೇರಿ ಲಿಯಾವ್‌ಡಾಂಗ್ ವಾಪಸ್ ಕೊಡು ಅಂತ ಜಪಾನನ್ನು ಗದರಿಸಿದವು. ಇನ್ನೂ 3 ಕೋಟಿ ತಾಯೆಲ್ ಪಡೆದು ಜಪಾನ್ ಬಿಟ್ಟಿತು. ಮೂರು ವರ್ಷದಲ್ಲಿ ಅಲ್ಲಿನ ಬಂದರನ್ನು ಗುತ್ತಿಗೆಗೆ ಪಡೆದದ್ದು ರಷ್ಯಾ! ದಂಡದ ಹಣದಲ್ಲಿ ಜಪಾನ್ ನೌಕಾಪಡೆ ಬೆಳೆಸಿತು, ಚಿನ್ನದ ಆಧಾರದ ನಾಣ್ಯಪದ್ಧತಿಗೆ ಬಂತು, ಯಾವಾತಾದಲ್ಲಿ ಉಕ್ಕಿನ ಕಾರ್ಖಾನೆ ಶುರುಮಾಡಿತು. ಅದೇ 1895ರ ಅಕ್ಟೋಬರ್‌ನಲ್ಲಿ ಸೋಲ್‌ನ ಅರಮನೆಗೆ ನುಗ್ಗಿದ ಜಪಾನೀಯರು ರಾಣಿ ಮಿನ್‌ಳನ್ನು ಕೊಂದರು. ಹತ್ತು ವರ್ಷದ ನಂತರ ಕೊರಿಯಾವನ್ನು ಕೈಗೆ ತೆಗೆದುಕೊಂಡ ಜಪಾನ್ ಅಲ್ಲಿಗೆ ಮೊದಲ ಮೇಲಾಳಾಗಿ ಕಳಿಸಿದ್ದು ಇಟೋನನ್ನೇ. 1909ರಲ್ಲಿ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಅನ್ ಜುಂಗ್‌ಗನ್ ಎಂಬ ಕೊರಿಯನ್ ಅವನನ್ನು ಗುಂಡಿಟ್ಟು ಕೊಂದ. ಕಾರಣ ಕೇಳಿದಾಗ 15 ಕಾರಣ ಕೊಟ್ಟ, ಮೊದಲನೆಯದು ರಾಣಿಯ ಕೊಲೆ.

ಚೀನಾದವರಿಗೆ 1895ರ ಸೋಲು ಅಫೀಮು ಯುದ್ಧಕ್ಕಿಂತ ಆಳಕ್ಕೆ ಇಳಿಯಿತು. ಬ್ರಿಟಿಷರ ಕೈಲಿ ಸೋಲೋದು ಒಂದು, ತಮ್ಮಿಂದ ಅಕ್ಷರ ಕಲಿತವರ ಕೈಲಿ ಸೋಲೋದು ಇನ್ನೊಂದು. 1898ರಲ್ಲಿ ಗುವಾಂಗ್‌ಶು ಚಕ್ರವರ್ತಿ ಮೇಜಿ ಮಾದರಿಯಲ್ಲಿ ಸುಧಾರಣೆಯ ಆಜ್ಞೆಗಳ ಮಳೆ ಸುರಿಸಿದ, ನೂರು ದಿನ ದಾಟುತ್ತಿದ್ದಂತೆ ಸಿಶಿ ಅವನನ್ನು ಅರಮನೆಯಲ್ಲೇ ಬಂಧಿಸಿದಳು. ಅದಕ್ಕಿಂತ ಫಲ ಕೊಟ್ಟದ್ದು 1896ರಲ್ಲಿ ಸದ್ದಿಲ್ಲದೆ ಶುರುವಾದ ಒಂದು ಸಣ್ಣ ಕೆಲಸ: 13 ಚೀನೀ ವಿದ್ಯಾರ್ಥಿಗಳು ಟೋಕಿಯೋಗೆ ಓದಲು ಹೋದರು. ಕೆಲವರು ಅಲ್ಲಿನ ಊಟ ಸೇರದೆ, ಬೀದಿಯ ಮಕ್ಕಳು ಜಡೆ ನೋಡಿ ಆಡಿಕೊಳ್ಳುವುದನ್ನು ತಾಳಲಾರದೆ, ಬೇಗನೇ ವಾಪಸ್ ಬಂದರು. ಉಳಿದವರು ಓದಿದರು. ಹತ್ತು ವರ್ಷದಲ್ಲಿ ಅಲ್ಲಿಗೆ ಹೋದವರ ಸಂಖ್ಯೆ ಸಾವಿರಗಳ ಲೆಕ್ಕಕ್ಕೆ ಬಂತು. ಕಾನೂನು, ಸೈನ್ಯ, ವೈದ್ಯ ಎಲ್ಲ ಓದಿದರು, ದರ್ಬಾರಿಗೆ ಇಷ್ಟವಾಗದ ಪತ್ರಿಕೆಗಳನ್ನೂ ಅಚ್ಚುಹಾಕಿದರು. 1905ರಲ್ಲಿ ಸನ್ ಯಾತ್ ಸೆನ್ ತನ್ನ ಕ್ರಾಂತಿಕಾರಿ ಸಂಘಟನೆ ತೋಂಗ್‌ಮೆಂಗ್‌ಹುಯಿಯನ್ನು ಕಟ್ಟಿದ್ದು ಇದೇ ವಿದ್ಯಾರ್ಥಿಗಳ ನಡುವೆ, ಟೋಕಿಯೋದಲ್ಲಿ. ಅದಾಗಿ ಆರೇಳು ವರ್ಷದೊಳಗೆ ಚಿಂಗ್ ದೊರೆತನ ಬಿತ್ತು.